ಜೀಪಿನ ಹೊಟ್ಟೆ ತುಂಬಾ ನೊರೆ

ಡೀಸೆಲ್ ವಿಷಯದಲ್ಲಿ ನನಗೆ ಪಾಠ ಹೇಳುವವರು ಇಡೀ ಭಟ್ಕಳದಲ್ಲಿ ಯಾರೂ ಇಲ್ಲವೆಂದು ನಂಬಿದ್ದೆ. ಅರ್ಧ ಆಯುಷ್ಯವನ್ನು ಮೀನು ದೋಣಿಯ ಎಂಜಿನ್ ಪಕ್ಕದಲ್ಲೇ ಕಳೆದವನು ನಾನು. ಹಾಗಾಗಿ ತಂಗಿ ಗೌರಿಯ ಮಗಳು ಲತಾಳ ಮದುವೆ ಧಾರೇಶ್ವರದ ದೇವಸ್ಥಾನದಲ್ಲಿ ಎಂದಾಗ, ಮದುಮಗಳನ್ನು ನನ್ನ ಜೀಪಿನಲ್ಲೇ ಕರೆತರುತ್ತೇನೆಂದು ಎದೆ ತಟ್ಟಿ ಹೇಳಿದೆ. ಸೋದರಮಾವ ಕೈಹಿಡಿದು ಕರೆತಂದರೇ ಮದುಮಗಳು ಮಂಟಪಕ್ಕೆ ಬರುವುದು. ನಮ್ಮ ಮುಹೂರ್ತದ ಬೆನ್ನಿಗೇ ಅಲ್ಲಿ ಇನ್ನೊಂದು ಮದುವೆಯಿತ್ತು. ತಡವಾದರೆ ಮಂಟಪ ಅವರದು. ನೆಂಟರೆಲ್ಲ ಬಸ್ಸಿನಲ್ಲಿ ಮುಂದೆ ಹೋದರು. ಜೀಪಿಗೆ ಉಳಿದದ್ದು ನಾನು, ಗೌರಿ, ಲತಾ.

ಜೀಪಿನ ಡೀಸೆಲ್ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು. ದೋಣಿಯಲ್ಲಿ ಮುಳ್ಳು ಯಾರು ನೋಡುತ್ತಾರೆ? ಟ್ಯಾಂಕಿಗೆ ಕೋಲು ಇಳಿಸಿ, ಎಲ್ಲಿವರೆಗೆ ಒದ್ದೆಯಾಯಿತೆಂದು ನೋಡುವುದು ನಮ್ಮ ಲೆಕ್ಕ. ಜೀಪಿಗೂ ಅದೇ. ಬಂಕಿನಲ್ಲಿ, "ಜೋರು ಬಿಡಿ, ಮುಹೂರ್ತ ಉಂಟು" ಎಂದೆ. ಬಿಟ್ಟರು. ಬುಸುಬುಸು ನೊರೆ ಟ್ಯಾಂಕಿನ ಬಾಯಿವರೆಗೆ ಉಕ್ಕಿ, ಪೈಪು ಟಕ್ಕೆಂದು ತಾನೇ ನಿಂತಿತು.

"ಅಣ್ಣ, ಅದೆಂತ ನೊರೆ?" ಗೌರಿ ಕೇಳಿದಳು.

ಕೇಳಬಾರದಿತ್ತು. ನಾನು ಗಂಟಲು ಸರಿಮಾಡಿಕೊಂಡೆ. "ನೋಡು, ಡೀಸೆಲ್ ಅಂದ್ರೆ ಎಣ್ಣೆ ಜಾತಿ. ಜೋರು ಬಿದ್ರೆ ಗಾಳಿನೂ ಸೇರಿಸ್ಕಂಡು ಬೀಳ್ತದೆ. ಆ ಗಾಳಿ ಗುಳ್ಳೆಯಾಗಿ ಮೇಲೆ ಬರ್ತದೆ. ಪೆಟ್ರೋಲಿನ ಗುಳ್ಳೆಯ ಹಾಗೆ ಇದು ಬೇಗ ಒಡೆಯೂದಿಲ್ಲ. ನೊರೆ ತಾಗಿದ್ದೇ ಟ್ಯಾಂಕು ತುಂಬ್ತು ಅಂತ ಪೈಪು ಮೋಸ ಹೋಗ್ತದೆ. ಪಾಪ, ಅದಕ್ಕೆ ಬುದ್ಧಿ ಇಲ್ಲ."

ಹೀಗೆ ಹೇಳುತ್ತಲೇ ಕೋಲು ಇಳಿಸಿದೆ. ಮೇಲಿನವರೆಗೂ ಒದ್ದೆ. "ಫುಲ್ ಆತು" ಎಂದು ಹೊರಟೇಬಿಟ್ಟೆ. ದೋಣಿಗೆ ನಾವು ಸಂಜೆ ಡೀಸೆಲ್ ತುಂಬಿ ಬೆಳಿಗ್ಗೆ ಕೋಲು ಇಳಿಸುತ್ತೇವೆ, ಅಷ್ಟರಲ್ಲಿ ನೊರೆ ಇಳಿದಿರುತ್ತದೆ. ಇಲ್ಲಿ ನಾನು ಅಳೆದದ್ದು ಬರೀ ನೊರೆಯನ್ನು. ಪೈಪಿಗಿಂತ ದೊಡ್ಡ ದಡ್ಡ ಸ್ಟೇರಿಂಗ್ ಹಿಡಿದು ಕೂತಿದ್ದ.

ಹೊನ್ನಾವರ ದಾಟಿತು. ಹಳದೀಪುರದಲ್ಲಿ ಜೀಪು ಎರಡು ಸಲ ಕೆಮ್ಮಿ ನಿಂತಿತು.

"ಮಾವ, ಎಂತ ಆತು?" ಲತಾ ಕೇಳಿದಳು.

"ಎಂತದೂ ಇಲ್ಲ, ಎಂಜಿನ್ ಸ್ವಲ್ಪ ಬಿಸಿ ಆತು" ಎಂದು ಸುಳ್ಳು ಹೇಳಿ ಕೋಲು ಇಳಿಸಿದೆ. ಒಣಗಿದ ಕೋಲೇ ಮೇಲೆ ಬಂತು. ಅಷ್ಟರಲ್ಲಿ ಭಾವನ ಫೋನು. "ಎಲ್ಲಿದ್ರಿ? ಭಟ್ರು ಗಡಿಯಾರ ನೋಡ್ತಾ ಕೂತಿದ್ರು."

"ಬಂದೇ ಬಿಟ್ವಿ" ಎಂದೆ.

ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವರೊಬ್ಬರು ಪುಣ್ಯಾತ್ಮರು, ಕ್ಯಾನಿನಿಂದ ಡೀಸೆಲ್ ಕೊಟ್ಟರು. ಹುಯ್ದೆ. ಜೀಪು ಏಳಲಿಲ್ಲ. ಖಾಲಿಯಾದ ಪೈಪಿನೊಳಗೆ ಗಾಳಿ ಹೊಕ್ಕಿತ್ತು. ಬೋಲ್ಟು ಸಡಿಲಿಸಿ ಗಾಳಿ ತೆಗೆಯಲು ಹೋದೆ. ಅವಸರದಲ್ಲಿ ಬೋಲ್ಟೇ ಕಳಚಿತು. ಡೀಸೆಲ್ ಚಿಮ್ಮಿ ರೇಷ್ಮೆ ಅಂಗಿ, ಶಲ್ಯ, ಮೀಸೆ ಎಲ್ಲ ತೊಯ್ದಿತು.

"ನನ್ನ ಮಗಳ ಮದುವೆ ಹಾಳು ಮಾಡ್ದೆಯಲ್ಲ" ಎಂದು ಗೌರಿ ಅತ್ತೇಬಿಟ್ಟಳು. ನನಗೂ ಅಳು ಬಂದಿತ್ತು. ಆದರೆ ಕಣ್ಣೊರೆಸಲು ಡೀಸೆಲ್ ಇಲ್ಲದ ಬಟ್ಟೆ ಇರಲಿಲ್ಲ.

ಕೊನೆಗೆ ಲತಾಳೇ ಸೆರಗು ಸಿಕ್ಕಿಸಿ ಇಳಿದು, ಹೆದ್ದಾರಿಗೆ ಅಡ್ಡ ನಿಂತು ಧಾರೇಶ್ವರದ ಮೇಲೆ ಹೋಗುವ ಕುಮಟಾ ಬಸ್ಸನ್ನು ನಿಲ್ಲಿಸಿದಳು. ಬಾಸಿಂಗ ಕಟ್ಟಿದ ಮದುಮಗಳು ಕೈ ಅಡ್ಡ ಹಿಡಿದರೆ ಯಾವ ಡ್ರೈವರ್ ನಿಲ್ಲಿಸುವುದಿಲ್ಲ? ಅವಳಿಗೆ ಎಲ್ಲರೂ ಎದ್ದು ಸೀಟು ಕೊಟ್ಟರು. ನಾನು ಹತ್ತಿದಾಗಲೂ ಎದ್ದರು. ವಾಸನೆಗೆ.

ಮುಹೂರ್ತಕ್ಕೆ ಉಸಿರೆಳೆದುಕೊಳ್ಳುವಷ್ಟು ಹೊತ್ತು ಇರುವಾಗ ಮುಟ್ಟಿದೆವು. ಎದುರಿಗೆ ಇನ್ನೊಂದು ದಿಬ್ಬಣ ಆಗಲೇ ಬಂದು ನಿಂತಿತ್ತು. ನಾನು ಲತಾಳ ಕೈಹಿಡಿದು ಗಂಭೀರವಾಗಿ ಮಂಟಪಕ್ಕೆ ಕರೆತಂದೆ. ಹೋಮದ ಬೆಂಕಿ ಆಗಷ್ಟೇ ಹತ್ತಿತ್ತು. ಭಟ್ಟರು ಮೂಗು ಅರಳಿಸಿ ಗಾಬರಿಯಾದರು.

"ಸೋದರಮಾವನವರೇ, ಬೆಂಕಿ ಹತ್ರ ನಿಲ್ಬೇಡಿ, ದೂರ ಹೋಗಿ."

"ಇರ್ಲಿ ಬಿಡಿ ಭಟ್ರೇ" ಎಂದಳು ತಂಗಿ, "ಹತ್ರನೇ ನಿಲ್ಲಲಿ."

ನಾನು ಮೈ ತೊಳೆಯಲು ಬಾವಿಕಟ್ಟೆಯ ಕಡೆ ನಡೆದೆ.