ಬಸ್ಸು ಹತ್ತುವ ನೆಗಡಿ, ಊರಲ್ಲೇ ಕೂರುವ ಅಲರ್ಜಿ

ಯಾವ ಮೆಡಿಕಲ್ ಕಾಲೇಜಿನಲ್ಲೂ ಕಲಿಸದ ಒಂದು ಪರೀಕ್ಷೆ ನಮ್ಮ ಅತ್ತೆಯ ಹತ್ತಿರ ಇದೆ. ಡಾಕ್ಟರಾದವರು ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ, ರಕ್ತ ತೆಗೆಸುತ್ತಾರೆ, ಎಕ್ಸ್‌ರೇ ಬರೆದುಕೊಡುತ್ತಾರೆ. ನಮ್ಮ ಅತ್ತೆ ಬಸ್ಸು ಹತ್ತಿಸುತ್ತಾಳೆ! ಸೀನುವವರು, ಕೆಮ್ಮುವವರು, ಮೂಗು ಸೋರುವವರು ಯಾರೇ ಕಣ್ಣಿಗೆ ಬೀಳಲಿ, ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಎಳೆದೊಯ್ದು, ಬೇರೊಂದು ಊರಿನಲ್ಲಿ ಇಳಿಸಿ, ಮುಖ ನೋಡುತ್ತ ನಿಂತರೇ ಅವಳಿಗೆ ಸಮಾಧಾನ.

"ನೆಗಡಿ ಅನ್ನಾದು ನಿನ್ ಸಂಗಾಟ ಬಸ್ ಹತ್ತತೈತಿ. ಅಲರ್ಜಿ ಹತ್ತಂಗಿಲ್ಲ, ಇದ್ದ ಊರಾಗ ಕುಂದ್ರತೈತಿ. ಊರು ಬಿಟ್ಟ ಮ್ಯಾಲೂ ಸೀನಿದ್ರ ನೆಗಡಿ, ನಿಂತ್ರ ಅಲರ್ಜಿ. ಇಷ್ಟಕ್ಕ ಡಾಕ್ಟರ್ ಯಾಕ ಬೇಕಲೇ?"

ಇದಕ್ಕೆ ಏನೆನ್ನುತ್ತೀರಿ? ಪೂರ್ತಿ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅರ್ಧ ನಿಜ! ಅದೇ ನನ್ನ ತಲೆನೋವು.

ನಾನು ಬಿ.ಎಸ್ಸಿ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಕೈ ನನ್ನದು. ರಜೆ ಬಂದರೆ ಸಂಡೂರಿನಲ್ಲಿ ಅದಿರು ಲಾರಿಗಳಿಗೆ ತಾಡಪಾಲು ಕಟ್ಟಿ, ಅದರ ಧೂಳಿಗೆ ಕೆಂಪಗೆ ಉಗುಳುತ್ತ ಫೀಸು ಹೊಂದಿಸಿದವನು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನೆಗಡಿಯಾದರೆ ಗಂಟಲು ಕೆರೆಯುತ್ತದೆ, ಮೂಗು ಸೋರುತ್ತದೆ, ವಾರ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಫ್ಲೂ ಬಂದರೆ ಇದ್ದಕ್ಕಿದ್ದಂತೆ ಜ್ವರ ಏರಿ ಮೈಕೈ ಮುರಿದುಹಾಕುತ್ತದೆ. ಅಲರ್ಜಿಗೆ ಜ್ವರವಿಲ್ಲ, ಕಣ್ಣು ಮೂಗು ತುರಿಸಿ ಸಾಲುಸಾಲು ಸೀನು ಎಂದು ಬೋರ್ಡಿನ ಮೇಲೆ ಬರೆದು ತಿಳಿಸುತ್ತೇನೆ. ಮಕ್ಕಳು ತಲೆಯಾಡಿಸುತ್ತಾರೆ. ಮನೆಗೆ ಬಂದು ಇದನ್ನೇ ಹೇಳಿದರೆ ಅತ್ತೆ, "ನಿನ್ ಬೋರ್ಡು ಯಾವತ್ತರ ಸೀನೇತೇನಲೇ?" ಎನ್ನುತ್ತಾಳೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ನಾನು ಹುಟ್ಟುವ ಮೊದಲೇ ನಮ್ಮ ಮನೆ ಸೇರಿದವಳು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದದ್ದೇ ಆದದ್ದು, ಅವಳ ವೈದ್ಯಕ್ಕೆ ರೆಕ್ಕೆ ಬಂತು. ಆಧಾರ್ ಕಾರ್ಡನ್ನು ಕಂಡಕ್ಟರನ ಮೂಗಿನ ಹತ್ತಿರ ಹಿಡಿದು, "ನನಗ ಫ್ರೀ. ಇವನಿಗೆ ಟಿಕೀಟು ಹರಿ" ಎಂದು ನನ್ನ ಕಡೆ ಬೆರಳು ಮಾಡುತ್ತಾಳೆ.

ಪಕ್ಕದ ಮನೆಯ ಆಚಾರ್ಯರು ಹಂಪಿಯ ಕಡೆ ಒಂದು ಗುಡಿಯಲ್ಲಿ ಪೂಜೆ ಮಾಡುವವರು. ಬೆಳಿಗ್ಗೆ ಎದ್ದರೆ ಅವರಿಗೆ ಸೀನು. ಸಂಕಲ್ಪದ ನಡುವೆ ಸೀನು, ಮಂಗಳಾರತಿಯ ನಡುವೆ ಸೀನು. ಅತ್ತೆ ಕಾಂಪೌಂಡಿನ ಮೇಲಿಂದಲೇ ಅಪ್ಪಣೆ ಕೊಡಿಸಿದಳು: "ಬರ್ರಿ ಆಚಾರ್ರೇ, ಸಂಡೂರಿಗೆ ಹೋಗಿ ಬರೂಣು."

"ಸಂಡೂರಿನಲ್ಲಿ ಡಾಕ್ಟರಿದ್ದಾರೇನಮ್ಮ?"

"ಬಸ್ ಐತಿ."

ಮರ್ಯಾದೆಗೆ ನಾನೂ ಹೋಗಬೇಕಾಯಿತು. ಅದಿರಿನ ಲಾರಿಗಳ ಹಿಂದೆ ನಮ್ಮ ಬಸ್ಸು. ಕಿಟಕಿಯಿಂದ ಕೆಂಪು ಧೂಳು. ಡ್ರೈವರ್ ಸೀನಿದ, ಕಂಡಕ್ಟರ್ ಸೀನಿದ, ನಾನಂತೂ ಸೀನಿ ಸೀನಿ ಸುಸ್ತಾದೆ. ಇಡೀ ಬಸ್ಸಿನಲ್ಲಿ ಸೀನದೆ ಕುಳಿತವರು ಆಚಾರ್ಯರೊಬ್ಬರೇ! ಅತ್ತೆ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟಳು: "ನಿಮಗ ನೆಗಡಿ ಅಲ್ರಿ ಆಚಾರ್ರೇ. ನಿಮಗ ನಿಮ್ ಮನೀನೇ ಆಗಿಬರಂಗಿಲ್ಲ!"

ಆಚಾರ್ಯರ ಹೆಂಡತಿ ಎಷ್ಟೋ ದಿನ ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ. ಆಮೇಲೆ ಅವರ ಅಟ್ಟದಲ್ಲಿ ಬೂಷ್ಟು ಹಿಡಿದ ಹಳೆಯ ಹಾಸಿಗೆಗಳ ರಾಶಿ ಸಿಕ್ಕಿತು. ಅದನ್ನು ಹೊರಗೆ ಹಾಕಿದರು, ಸೀನು ನಿಂತಿತು. ಅಟ್ಟ ಖಾಲಿಯಾಯಿತು, ನಮ್ಮ ಅತ್ತೆ ಅಟ್ಟ ಏರಿ ಕುಳಿತಳು.

ಇನ್ನೊಮ್ಮೆ ನನಗೇ ಫ್ಲೂ. ಮಧ್ಯಾಹ್ನ ಚೆನ್ನಾಗಿದ್ದವನು ಸಂಜೆಗೆ ಕಂಬಳಿಯೊಳಗೆ. ನೋಡಿದರೇ ಗೊತ್ತಾಗುವ ರೋಗ! ಆದರೂ ಬಿಟ್ಟಳೇ? "ಡ್ಯಾಂ ಕಡೆ ಗಾಳಿ ಚಲೋ ಐತಿ, ಏಳು" ಎಂದು ಟಿ.ಬಿ. ಡ್ಯಾಂ ಬಸ್ಸಿಗೆ ಹತ್ತಿಸಿದಳು. ಹೋಗುವಾಗ ನಡುಗಿದೆ, ಬರುವಾಗ ಇನ್ನೂ ನಡುಗಿದೆ. ವಾರದೊಳಗೆ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಪರಿಚಯದವರೂ ಮಲಗಿದರು, ಅವರ ಮನೆಯವರೂ ಮಲಗಿದರು. ನಾಚಿಕೆಯಿಂದ ನಾನು ಕುಗ್ಗಿಹೋದೆ. ಅತ್ತೆಯೋ, ಪಾಸಾದವಳ ಹಾಗೆ ಬೀಗುತ್ತಿದ್ದಳು: "ಎಲ್ಲಾರಿಗೂ ಹತ್ತೇತಿ ನೋಡು. ಅಂದ್ರ ಅಲರ್ಜಿ ಅಲ್ಲ. ಗೊತ್ತಾತಿಲ್ಲೋ?"

ಇಷ್ಟರವರೆಗೆ ನಗುವ ಮಾತು. ಆಮೇಲೆ ಸರದಿ ನನ್ನ ಮಗಳದಾಯಿತು.

ಒಂದನೇ ಕ್ಲಾಸಿನ ಹುಡುಗಿ. ಮೊಲೆ ಬಿಟ್ಟಾಗಿನಿಂದ ಅತ್ತೆಯ ಸೆರಗು ಹಿಡಿದೇ ಮಲಗುವವಳು. ಮೊದಲು ಎಲ್ಲ ಮಕ್ಕಳಿಗೂ ಬರುವಂಥ ನೆಗಡಿ ಬಂತು, ಹೋಯಿತು. ಕೆಮ್ಮು ಮಾತ್ರ ಉಳಿಯಿತು. ಬೆಳಗಿನ ಜಾವ ಎದೆಯಲ್ಲಿ ಸುಯ್ ಸುಯ್ ಎಂದು ಸಣ್ಣ ಸಿಳ್ಳೆ.

"ಇದು ನೆಗಡಿ ಅಲ್ಲ ಅತ್ತಿ. ಡಾಕ್ಟರಿಗೆ ತೋರಸೂಣು" ಎಂದೆ.

"ಮೊದ್ಲು ಬಸ್. ಆಮ್ಯಾಲ ಡಾಕ್ಟರ್."

ನನ್ನ ಹೆಂಡತಿಯೂ ನಾನೂ ಶಾಲೆ, ಕೆಲಸ ಎಂದು ಓಡಾಡುವಾಗ ಅತ್ತೆ ಶನಿವಾರ ಬಂದರೆ ಕೂಸನ್ನು ಕಂಕುಳಿಗೇರಿಸಿ ಹೊರಟುಬಿಡುತ್ತಿದ್ದಳು. ಊರೂರಲ್ಲೂ ಅವಳಿಗೆ ನೆಂಟರು. ಸಂಡೂರಿನಲ್ಲಿ ಉಳಿದರು, ಕೆಮ್ಮು. ಪಾಪಿನಾಯಕನಹಳ್ಳಿಯಲ್ಲಿ ಉಳಿದರು, ಕೆಮ್ಮು. ಕಂಪ್ಲಿಯಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ಉಳಿದರು, ಇನ್ನೂ ಜಾಸ್ತಿ ಕೆಮ್ಮು. ಎಲ್ಲಿ ಇಳಿದರೂ ಅತ್ತೆ ಮೊದಲು ಕೇಳುತ್ತಿದ್ದದ್ದು ನೀರಲ್ಲ, ಕೆಂಡ! ಸಂಜೆಯಾದರೆ ಕೆಂಡದ ಮೇಲೆ ಲೋಬಾನ ಹಾಕಿ, ಕೂಸಿನ ತಲೆಗೂ ಎದೆಗೂ ಹೊಗೆ ಕೊಟ್ಟು, ಉಳಿದದ್ದನ್ನು ತನ್ನ ಸೀರೆಗೆ ಹಿಡಿದು ಮಲಗಿಸಿದರೆ ಎಂಥ ಕಫವೂ ಕರಗುತ್ತದೆ ಎಂಬುದು ಅವಳ ನಂಬಿಕೆ.

"ಎಲ್ಲಾ ಊರಾಗೂ ಕೆಮ್ಮೀತು. ಅಂದ್ರ ನೆಗಡೀನೇ" ಎಂದಳು ವಾಪಸ್ ಬಂದು.

"ಇಷ್ಟು ದಿನ ಯಾವ ನೆಗಡಿ ಇರ್ತೈತಿ ಅತ್ತಿ?"

"ಹಠಮಾರಿ ನೆಗಡಿ. ಯಾರ ಮಗಳಲೇ ಅದು?"

ಒಂದು ಮುಂಜಾನೆ ಕೂಸು ಎದ್ದು ಕುಳಿತಿತ್ತು. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. "ಅಪ್ಪಾ" ಎಂದಿತು, ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ನಾನು ಎತ್ತಿಕೊಂಡು ಓಡಿದೆ. ಅತ್ತೆ ಬರಿಗಾಲಲ್ಲೇ ಆಟೋ ಹತ್ತಿದಳು.

ಮೂಗಿಗೆ ಮಾಸ್ಕ್ ಕಟ್ಟಿ ಔಷಧದ ಹಬೆ ಕೊಟ್ಟ ಮೇಲೆ ಕೂಸಿನ ತುಟಿಗೆ ಬಣ್ಣ ಬಂತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಇದು ಆಸ್ತಮಾ ಥರ ಕಾಣುತ್ತದೆ, ಇನ್ಹೇಲರ್ ತಪ್ಪಿಸಬೇಡಿ ಎಂದರು. ಆಮೇಲೆ ಕೇಳಿದರು: "ಮನೆಯಲ್ಲಿ ಹೊಗೆ ಏನಾದರೂ ಹಾಕ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ಲೋಬಾನ, ತಾಯಿ. ಕೂಸಿನ ಸಲುವಾಗೇ."

"ಅದೇ ಆಗಬಾರದು. ಲೋಬಾನ, ಊದಿನಕಡ್ಡಿ, ಸೊಳ್ಳೆಬತ್ತಿ, ಯಾವ ಹೊಗೆಯೂ ಈ ಮಗುವಿಗೆ ಬೇಡ."

"ಸೀರಿಗೆ ಹತ್ತಿದ ವಾಸನಿ?"

"ಅದೂ ಕೆಲವು ಮಕ್ಕಳಿಗೆ ಆಗೋದಿಲ್ಲಮ್ಮ."

ಅತ್ತೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕುಳಿತಳು. ದಾರಿಯುದ್ದಕ್ಕೂ ಮಾತಿಲ್ಲ. ಇವಳ ಬಾಯಿ ಮುಚ್ಚಿಸಲು ನಾನು ಡಿಗ್ರಿ ಪೂರ್ತಿ ಖರ್ಚು ಮಾಡಿ ಸೋತಿದ್ದೆ. ಈಗ ಮುಚ್ಚಿದ್ದನ್ನು ನೋಡಲಾಗಲಿಲ್ಲ.

ಮರುದಿನ ಎದ್ದರೆ ಅತ್ತೆ ಇಲ್ಲ. ಫೋನು ಕಂಪ್ಲಿಯಿಂದ ಬಂತು.

"ಇಷ್ಟು ದಿನ ಕೂಸಿನ್ನ ಊರೂರಿಗೆ ಒಯ್ದೆ. ಈ ಸಲ ಅದು ಅಲ್ಲೇ ಇರ್ಲಿ, ನಾ ಬ್ಯಾರೆ ಕಡೆ ಇರ್ತೀನಿ. ಕೆಮ್ಮು ನಿಂತ್ರ, ನಾನೇ ನೋಡು ಅದರ ಅಲರ್ಜಿ."

"ಹೊಗಿ ಅತ್ತಿ, ಹೊಗಿ! ನೀ ಅಲ್ಲ!"

"ಹೊಗಿ ಹಾಕಾಕಿ ಯಾರಲೇ?" ಎಂದು ಫೋನ್ ಇಟ್ಟಳು.

ಅವತ್ತಿನಿಂದ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: "ಕೆಮ್ಮೀತೇನು?" ಮೊದಮೊದಲು ಸ್ವಲ್ಪ ಎನ್ನುತ್ತಿದ್ದೆ. ಆಮೇಲೆ ಇಲ್ಲ ಎನ್ನಬೇಕಾಯಿತು. ಒಳ್ಳೆಯ ಸುದ್ದಿ ಹೇಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. "ಚಲೋ ಆತು" ಎಂದು ಫೋನ್ ಇಡುವಳು. ಇತ್ತ ಕೂಸು ಮಲಗುವ ಹೊತ್ತಿಗೆ ಹಾಸಿಗೆ ತಡಕುತ್ತಿತ್ತು, ಅಜ್ಜಿ ಯಾವಾಗ ಬರುತ್ತಾಳೆ ಎಂದು.

ಒಂದು ದಿನ ನನಗೂ ಸಿಟ್ಟು ಬಂತು. "ನಿನ್ ಪರೀಕ್ಷಾನೇ ತಪ್ಪೈತಿ ಅತ್ತಿ! ಔಷಧ ಶುರುವಾತು, ಹೊಗಿ ನಿಂತಿತು, ನೀನೂ ಹ್ವಾದಿ. ಎಲ್ಲಾ ಒಮ್ಮೆಲೇ ಬದಲಿ ಮಾಡಿದ್ರ ಯಾವ್ದರಿಂದ ವಾಸಿ ಆತಂತ ಹೆಂಗ ಹೇಳ್ತಿ?"

"ಮತ್ತ ಹೆಂಗ ತಿಳ್ಕಳಾದು?" ಎಂದು ಕೇಳಿದಳು. ನಾನು ಹುಟ್ಟಿದಾಗಿನಿಂದ ಮೊದಲ ಬಾರಿ, ತನಗೆ ತಿಳಿಯದ್ದನ್ನು ತಿಳಿಯಲೆಂದು ನನ್ನನ್ನು ಕೇಳಿದ್ದಳು!

"ಒಂದೊಂದೇ ಬದಲಿ ಮಾಡಿ ನೋಡ್ಬೇಕು. ಮೊದ್ಲು ನೀ ವಾಪಸ್ ಬಾ."

"ಬಂದ ಮ್ಯಾಲ ಕೆಮ್ಮಿದ್ರ?"

ಫೋನ್ ಇಟ್ಟು ನಾನು ಕಂಪ್ಲಿ ಬಸ್ಸಿನ ವೇಳೆ ವಿಚಾರಿಸಿದೆ.

ಭಾನುವಾರ ಕೂಸನ್ನು ಕರೆದುಕೊಂಡು ನಾನೇ ಕಂಪ್ಲಿಯ ಬಸ್ಸು ಹತ್ತಿದೆ. ಜೇಬಿನಲ್ಲಿ ಇನ್ಹೇಲರ್. ಸುದ್ದಿ ತಿಳಿದು ಅತ್ತೆ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಆದರೆ ಹತ್ತಿರ ಬರಲಿಲ್ಲ. ದೂರದಲ್ಲಿ ಕಂಬದ ಪಕ್ಕ, ಸೆರಗಿನಿಂದ ತನ್ನ ಬಾಯಿ ಮೂಗನ್ನೇ ಮುಚ್ಚಿಕೊಂಡು ನಿಂತಿದ್ದಳು. ತಾನೇ ಧೂಳು, ಹಾರಿಬಿಡುತ್ತೇನೆ ಎಂಬಂತೆ.

ಕೂಸು ನನ್ನ ಕೈ ಕೊಸರಿಕೊಂಡು ಓಡಿಹೋಗಿ ಅವಳ ಹೊಟ್ಟೆಗೆ ಮುಖ ಒತ್ತಿತು. ಒತ್ತಿದ್ದೇ ತಲೆಯೆತ್ತಿ ಕೇಳಿತು: "ಅಜ್ಜೀ, ನಿನ್ ವಾಸನಿ ಎಲ್ಲಿ ಹೋತು?"

ಅತ್ತೆಯ ಮೈಯಿಂದ ಬರುತ್ತಿದ್ದದ್ದು ಬರೀ ಬಟ್ಟೆ ಸೋಪಿನ ವಾಸನೆ. ಇದ್ದಬದ್ದ ಸೀರೆಯನ್ನೆಲ್ಲ ಎಷ್ಟು ಸಲ ಒಗೆದಿದ್ದಳೋ, ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು.

"ಕಾಲುವ್ಯಾಗ ಬಿಟ್ಟು ಬಂದೆ ನನ್ನವ್ವ" ಎಂದಳು. ಅಲ್ಲೇ ನೆಲಕ್ಕೆ ಕುಕ್ಕರಿಸಿ ಕುಳಿತು ಕೂಸಿನ ಎದೆಗೆ ಕಿವಿ ಹಚ್ಚಿದಳು. ಆ ಗದ್ದಲದಲ್ಲಿ ಏನು ಕೇಳಿಸೀತು? ಹಿಂದಿದ್ದ ಬಸ್ಸು ಬಿಡದೆ ಹಾರ್ನ್ ಹೊಡೆಯುತ್ತಿತ್ತು.

ನಾನು ಡ್ರೈವರಿಗೆ ಕೈ ಮುಗಿದೆ. "ಒಂದೀಟು ನಿಂದ್ರಸಣ್ಣ. ನಮ್ಮತ್ತಿ ಪರೀಕ್ಷಾ ಮಾಡಾಕತ್ಯಾಳ."