ದೊಡ್ಡಮ್ಮ ನೆಲಕ್ಕೆ ಇಳಿದದ್ದು

ಒಂದು ಊಟಕ್ಕೆ ಕೂರಲು ನನ್ನ ದೊಡ್ಡಮ್ಮನಿಗೆ ಎರಡು ವರ್ಷ ಬೇಕಾಯಿತು. ಉತ್ಪ್ರೇಕ್ಷೆಯಲ್ಲ. ಊಟ ಮುಗಿಸಲು ಅರ್ಧ ಗಂಟೆ ಸಾಕಾಯಿತು, ಆ ಮಾತು ಬೇರೆ.

ಆ ದಿನ ಬೆಳಿಗ್ಗೆ ಮಣಿಪಾಲದ ಮನೆಯಿಂದ ಕಾರು ಹೊರಡಿಸುವ ಹೊತ್ತಿಗೇ ಏನೇನು ಕೆಡಬಹುದು ಎಂಬುದನ್ನು ನಾನು ಪೂರ್ತಿ ಯೋಚಿಸಿ ಮುಗಿಸಿದ್ದೆ. ದೊಡ್ಡಮ್ಮ ಕೂರುವಾಗ ಅರ್ಧದಲ್ಲೇ ನಿಂತುಬಿಡಬಹುದು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ. ಕೂತರೂ ಆ ರಿಪೇರಿಯಾದ ಮೊಣಕಾಲು ಇಡೀ ಚಪ್ಪರಕ್ಕೆ ಕೇಳುವ ಹಾಗೆ ‘ಕಟಕ್’ ಎನ್ನಬಹುದು. ಏಳುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಎದುರಿನವರ ಪಾಯಸದ ಮೇಲೆ ಬೀಳಬಹುದು. ಅದೇ ಗಳಿಗೆಗೆ ಸಾರಿನ ಬಕೆಟ್ ಹಿಡಿದವನು ಹಿಂದಿನಿಂದ ಬರಬಹುದು. ಸಾರು ಬಿಸಿ ಇರಬಹುದು. ಆಂಬುಲೆನ್ಸ್ ನಂದಿಕೂರಿನ ಹತ್ತಿರ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಳ್ಳಬಹುದು. ಅಷ್ಟು ಹೊತ್ತಿಗೆ ಡಾಕ್ಟರು ರಜೆ ಹಾಕಿ ಊರಿಗೆ ಹೋಗಿರಬಹುದು. ಕೊನೆಗೆ ಇಡೀ ಕುಟುಂಬ ನನ್ನತ್ತ ತಿರುಗಿ, “ಇವರನ್ನು ಕರಕೊಂಡು ಬರಲಿಕ್ಕೆ ನಿನಗೆ ಹೇಳಿದ್ದು ಯಾರು?” ಎಂದು ಕೇಳಬಹುದು. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಹೆದರಿಕೆ ಇದ್ದದ್ದು ಈ ಕೊನೆಯದಕ್ಕೆ!

ಕಾರಿನ ಡಿಕ್ಕಿಯಲ್ಲಿ ಮಡಚುವ ವೀಲ್‌ಚೇರು, ನೋವಿಗೆ ಹಚ್ಚುವ ಮುಲಾಮು, ಕ್ರೇಪ್ ಬ್ಯಾಂಡೇಜು, ಪಾಯಸ ಬಿದ್ದರೆ ಉಡಲು ಇನ್ನೊಂದು ಸೀರೆ ಎಲ್ಲವೂ ಇದ್ದವು. ಯಾವುದೂ ಬೇಕಾಗಲಿಲ್ಲ. ಕೆಟ್ಟದ್ದು ಒಂದೇ ಒಂದು. ಬಹಳ ಸಣ್ಣದು. ನಾನು ಯೋಚಿಸಿಯೇ ಇರದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ತಾಯಿಯ ಕಡೆಯಿಂದ ಲೆಕ್ಕ ಹಿಡಿಯುವ ಕುಟುಂಬ. ಬೆಳ್ಮಣ್ ಹತ್ತಿರದ ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಗಳಿಗೆ ತಂಬಿಲದ ಸೇವೆ ಆಗುತ್ತದೆ, ಅದು ಮುಗಿದ ಮೇಲೆ ಎಲ್ಲರಿಗೂ ನೆಲದ ಮೇಲೆ ಸಾಲಾಗಿ ಊಟ. ಊರಲ್ಲಿ ಆ ಸಾಲಿಗೆ ಹಂತಿ ಎನ್ನುತ್ತಾರೆ. ಮೊದಲ ಹಂತಿಯ ಮೊದಲ ಎಲೆ ಕುಟುಂಬದ ಹಿರಿಯ ಹೆಂಗಸಿನದ್ದು. ಅವರು ಕೈ ಹಾಕದೆ ಯಾರೂ ಉಣ್ಣುವಂತಿಲ್ಲ, ಅವರು ಏಳದೆ ಯಾರೂ ಏಳುವಂತಿಲ್ಲ. ಬಸ್ಸು ತಪ್ಪಿದರೂ ಸರಿಯೇ. ಆ ಎಲೆ ನನ್ನ ದೊಡ್ಡಮ್ಮನದ್ದು. ಪಕ್ಕದ ಎಲೆ ಅವರ ತಂಗಿಯದ್ದು, ಎಂದರೆ ನನ್ನ ಅಮ್ಮನದ್ದು. ಊಟ ಮುಗಿದರೆ ಅಕ್ಕತಂಗಿಯರಿಬ್ಬರೂ ಎಡಗೈಗೆ ಎಡಗೈ ಹಿಡಿದು ಒಟ್ಟಿಗೇ ಏಳುತ್ತಿದ್ದರು. ಯಾರು ಯಾರನ್ನು ಎಬ್ಬಿಸುತ್ತಿದ್ದರು ಎನ್ನುವುದು ಕೊನೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ.

ಅಮ್ಮ ಒಂದು ಮಳೆಗಾಲದಲ್ಲಿ ತೀರಿಕೊಂಡಳು. ಮರುವರ್ಷ ಕಾಪುವಿನ ಮನೆಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದೊಡ್ಡಮ್ಮ ಪಾಚಿಯ ಮೇಲೆ ಜಾರಿ ಮೊಣಕಾಲಿನ ಚಿಪ್ಪು ಒಡೆದುಕೊಂಡರು. ಮಣಿಪಾಲದಲ್ಲಿ ಆಪರೇಷನ್ ಆಯಿತು. ಚಿಪ್ಪು ಕೂಡಿತು, ಆದರೆ ಕಾಲು ಮಡಚುವುದನ್ನು ಮರೆತುಬಿಟ್ಟಿತು. ಆ ವರ್ಷದ ತಂಬಿಲಕ್ಕೆ ಅವರನ್ನು ಮೂಲೆಯ ಟೇಬಲ್ಲಿನಲ್ಲಿ ಕೂರಿಸಿದರು. ಅಲ್ಲಿ ಇದ್ದವರು ಗಂಟು ನೋವಿನವರು, ದೊಡ್ಡ ಹೊಟ್ಟೆಯವರು ಮತ್ತು ಇಸ್ತ್ರಿ ಕೆಡುತ್ತದೆಂದು ಹೆದರುವ ಪ್ಯಾಂಟಿನವರು. ದೊಡ್ಡಮ್ಮ ಉಂಡು ಎದ್ದದ್ದನ್ನು ಯಾರೂ ನೋಡಲಿಲ್ಲ. ಮೊದಲ ಎಲೆಯ ಜಾಗ ಖಾಲಿ ಇತ್ತು.

ಸಂಜೆ ಎಲ್ಲರೂ ಜಗಲಿಯಲ್ಲಿ ಸೇರಿದಾಗ ಮಾವ ಬಾಯಿ ತೆಗೆದರು. ದೊಡ್ಡಮ್ಮನ ತಮ್ಮ ಇವರು, ಮನೆಯ ಆಡಳಿತ ಇವರದ್ದೇ. (ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ, ಆದ್ದರಿಂದ ಖಾರ ಸ್ವಲ್ಪ ಕಡಿಮೆ.)

“ಅಕ್ಕ, ಕೆಳಗೆ ಕೂರುವವರು ಇನ್ನು ಎಷ್ಟು ಜನ ಉಂಟು? ಮೊದಲ ಎಲೆಯೇ ಖಾಲಿ. ಬರುವ ವರ್ಷದಿಂದ ಎಲ್ಲರಿಗೂ ಬಫೆ ಮಾಡುವ. ಕಾಲ ಬದಲಾಯಿತಲ್ಲ.”

“ಬದಲಾದದ್ದು ಕಾಲ ಅಲ್ಲ, ನಿನ್ನ ಹೊಟ್ಟೆ,” ಎಂದರು ದೊಡ್ಡಮ್ಮ. “ತಟ್ಟೆ ಹಿಡಿದು ನಿಂತು ತಿನ್ನಲಿಕ್ಕೆ ಇದೆಂತ ರೈಲ್ವೆ ಸ್ಟೇಷನ್ನಾ? ನನಗೆ ಎರಡು ವರ್ಷ ಕೊಡು. ನಾನು ಕೂತು ಎದ್ದರೆ ಹಂತಿ. ಆಗದಿದ್ದರೆ ನಿನ್ನ ಬಫೆ. ಮೊದಲ ತಟ್ಟೆ ನಾನೇ ಹಿಡಿಯುತ್ತೇನೆ.”

ಮಾವ ಒಪ್ಪಿದರು. ಎಪ್ಪತ್ತು ದಾಟಿದ ಅಕ್ಕ ಒಡೆದ ಚಿಪ್ಪಿನಲ್ಲಿ ಎಲ್ಲಿ ಕೂರುತ್ತಾಳೆ ಎಂಬ ಧೈರ್ಯ ಅವರಿಗಿತ್ತು. ನನಗೂ ಹಾಗೇ ಅನಿಸಿತ್ತು.

ಡಾಕ್ಟರು ಕಾಲು ನೋಡಿ, ಸ್ವಲ್ಪ ಸ್ವಲ್ಪವೇ ಮಡಚಿ, ನೋವಾದರೆ ನಿಲ್ಲಿಸಿ, ಯೋಗ ಮಾಡಬಹುದು ಎಂದರು. ಹಾಗೆ ಉಡುಪಿಯಲ್ಲಿ ಬೆಳಗಿನ ಯೋಗ ಶಿಬಿರವೊಂದಕ್ಕೆ ಅವರನ್ನು ಕರೆದುಕೊಂಡು ಹೋದವನು ನಾನೇ. ಕಲಿಸುವವಳು ಚಿಕ್ಕ ಪ್ರಾಯದ ಹುಡುಗಿ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ಯೋಗಕ್ಕಾಗಿ ಮೀಸಲಿಡಬೇಕು ಎಂದು ಆಕೆ ಹೇಳುತ್ತಿದ್ದಾಗ ದೊಡ್ಡಮ್ಮ ಕೈ ಎತ್ತಿದರು.

“ಬೆಳಿಗ್ಗೆ ನನಗೆ ನೀರುದೋಸೆ ಉಂಟಲ್ಲ?”

ಹುಡುಗಿ ನಕ್ಕಳು. “ದೋಸೆ ಎರೆಯುವಾಗ ನಿಲ್ಲುತ್ತೀರಲ್ಲ ಅಮ್ಮ, ನೆಟ್ಟಗೆ ನಿಲ್ಲಿ. ಅದೂ ಯೋಗವೇ.”

ಪಾಪ, ಅವಳು ಏನೋ ಸಮಾಧಾನಕ್ಕೆ ಹೇಳಿದ್ದು. ನಲವತ್ತು ವರ್ಷ ಕಾಪು ಪೇಟೆಯಲ್ಲಿ ರವಿಕೆ ಹೊಲಿದ ದೊಡ್ಡಮ್ಮನಿಗೆ ತುಂಡು ಬಟ್ಟೆ ಎಸೆದು ಗೊತ್ತಿಲ್ಲ. ಉಳಿದ ತುಂಡನ್ನೆಲ್ಲ ಕೂಡಿಸಿ ಕೌದಿ ಮಾಡಿದವರು. ಈಗ ದಿನದಲ್ಲಿ ಉಳಿಯುವ ತುಂಡು ಹೊತ್ತನ್ನೆಲ್ಲ ಯೋಗಕ್ಕೆ ಹೊಲಿಯತೊಡಗಿದರು! ಕಾವಲಿಯ ಮೇಲೆ ದೋಸೆ ಬೇಯುವಷ್ಟು ಹೊತ್ತು ತಾಡಾಸನ. ಹಲ್ಲು ಉಜ್ಜುವಾಗ ಗೋಡೆ ಹಿಡಿದು ಒಂಟಿ ಕಾಲಿನ ವೃಕ್ಷಾಸನ. ಕುಕ್ಕರಿನ ಒಂದು ಸೀಟಿಯಿಂದ ಇನ್ನೊಂದು ಸೀಟಿಯವರೆಗೆ ಪ್ರಾಣಾಯಾಮ. ಧಾರಾವಾಹಿಯ ನಡುವೆ ಜಾಹೀರಾತು ಬಂದರೆ ಮಲಗಿ ಕಾಲು ಎತ್ತುವುದು. ಜಾಹೀರಾತು ಕಡಿಮೆಯಾದ ದಿನ ಟೀವಿಯವರನ್ನು ಬೈದ ವೀಕ್ಷಕಿ ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

ಕಾಪುವಿನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಕುತ್ತಿಗೆಯ ಸರದಿ. ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ದೊಡ್ಡಮ್ಮ ಕಣ್ಣು ಮುಚ್ಚಿ, ಅತ್ಯಂತ ಶಾಂತವಾಗಿ, ಎಡಕ್ಕೂ ಬಲಕ್ಕೂ ತಲೆ ತಿರುಗಿಸಿದರು. ಅವನು ಮತ್ತೆ ಕೇಳಿದ. ಇವರು ಮತ್ತೆ ತಿರುಗಿಸಿದರು. ಇಷ್ಟು ನೆಮ್ಮದಿಯಿಂದ ಟಿಕೆಟ್ ಬೇಡವೆನ್ನುವ ಪ್ರಯಾಣಿಕರನ್ನು ಅವನು ಹಿಂದೆ ಕಂಡಿರಲಿಕ್ಕಿಲ್ಲ. ನಾನು ಪರ್ಸು ತೆಗೆದು ಇಬ್ಬರದ್ದೂ ಕೊಟ್ಟೆ. ಅವನು ನನ್ನನ್ನು ನೋಡಿದ ನೋಟದಲ್ಲಿ ಬಹಳ ಅನುಕಂಪವಿತ್ತು.

ಇನ್ನು ನನ್ನ ಯೋಗ ಕೇಳುತ್ತೀರಾ? ದೊಡ್ಡಮ್ಮನ ಜೊತೆಗೇ ನಾನೂ ಶುರು ಮಾಡಿದೆ. ಜಾರದ ಮ್ಯಾಟ್ ತರಿಸಿದೆ. ಬಹಳ ಹೊತ್ತು ಕೂತರೆ ‘ಏಳು’ ಎಂದು ಕೈಯಲ್ಲೇ ನಡುಗುವ ವಾಚು ತರಿಸಿದೆ. ಯಾವ ಆಸನ ತಪ್ಪಿದರೆ ಯಾವ ನರ ಉಳುಕುತ್ತದೆ ಎಂಬ ವಿಡಿಯೋಗಳನ್ನು ಮಂಚದ ಮೇಲೆ ಮಲಗಿ ನೋಡಿದೆ. ನೋಡಿದಷ್ಟೂ ಹೆದರಿಕೆಯಾಗಿ ಮಲಗಿಯೇ ಇದ್ದೆ. ಮ್ಯಾಟಿನ ಮೇಲೆ ಈಗ ನಮ್ಮ ಬೆಕ್ಕು ಮಲಗುತ್ತದೆ. ಎದ್ದ ಕೂಡಲೇ ಬೆನ್ನು ಬಗ್ಗಿಸಿ ಅದು ಮಾಡುವ ಆಸನವನ್ನು ನೋಡಿದರೆ ಮ್ಯಾಟು ಸರಿಯಾದವರ ಪಾಲಾಗಿದೆ ಎನಿಸುತ್ತದೆ.

“ನಿನ್ನ ಯೋಗ ಎಲ್ಲ ಅಂಗಡಿಯಲ್ಲೇ ಮುಗಿಯಿತಾ ಮಗ?” ಎಂದು ದೊಡ್ಡಮ್ಮ ಕೇಳಿದ್ದರು.

ಅವರ ಸಲಕರಣೆ ಬೇರೆಯೇ. ಅಮ್ಮ ವರ್ಷಗಟ್ಟಲೆ ತರಿಸಿ, ಒಂದನ್ನೂ ಬಿಸಾಡದೆ ಇಟ್ಟಿದ್ದ ವಾರಪತ್ರಿಕೆಗಳು ನಮ್ಮ ಅಟ್ಟದಲ್ಲಿದ್ದವು. ಅವನ್ನು ಕಾಪುವಿಗೆ ತರಿಸಿ, ಹೊಲಿಗೆಯ ಲಾಡಿಯಿಂದ ಬಿಗಿದು ಕಟ್ಟಿ, ಗೋಡೆಗೆ ತಾಗಿಸಿ ಕುರ್ಚಿಯಷ್ಟು ಎತ್ತರಕ್ಕೆ ಪೇರಿಸಿದರು. ಅದರ ಮೇಲೆ ಕೂರುವುದು, ಕೈ ಊರದೆ ಏಳುವುದು. ಸಲೀಸಾದ ಮೇಲೆ ಮೇಲಿನಿಂದ ಕೆಲವು ತೆಗೆಯುವುದು. ಮತ್ತೆ ಕೂರುವುದು, ಮತ್ತೆ ಏಳುವುದು. ಮೊಣಕಾಲಿಗೆ ಗೊತ್ತಾಗದ ಹಾಗೆ ನೆಲವನ್ನು ಹತ್ತಿರ ತರುವ ಉಪಾಯ! ತೆಗೆದ ಸಂಚಿಕೆಗಳನ್ನು ಓದಿ ನನಗೆ ದಾಟಿಸುತ್ತಿದ್ದರು. ಫೋನಿನಲ್ಲಿ ಆರೋಗ್ಯ ವಿಚಾರಿಸಿದರೆ ಅವರು ಕೊಡುತ್ತಿದ್ದ ವರದಿ ಹೀಗೆ: “ಆ ಪತ್ತೇದಾರಿ ಧಾರಾವಾಹಿ ಶುರುವಾದಲ್ಲಿಗೆ ಇಳಿದಿದ್ದೇನೆ. ಕೊಲೆಗಾರ ಯಾರೆಂದು ತಿಳಿಯುವಾಗ ಬಹುಶಃ ಮಣೆಯ ಎತ್ತರ.”

ಕೈ ಊರದೆ ಏಕೆ, ಊರಿದರೆ ಯಾರು ಬೇಡ ಅನ್ನುತ್ತಾರೆ ಎಂದು ನಾನು ಕೇಳಿದ್ದುಂಟು. ಅವರು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು. “ಉಂಡ ಮೇಲೆ ಬಲಗೈ ಎಂಜಲು. ಎಡಗೈಯಲ್ಲಿ ಸೀರೆ. ಊರಲಿಕ್ಕೆ ಮೂರನೇ ಕೈ ಎಲ್ಲಿಂದ ತರುವುದು?” ಯೋಗ ಶಿಬಿರದಲ್ಲಿ ಎಲ್ಲರಿಗೂ ಎರಡೆರಡು ಕೈ ಉಂಟು. ಹಂತಿಯಲ್ಲಿ ಒಂದೂ ಇಲ್ಲ. ಅಷ್ಟು ವರ್ಷ ಆ ಮೂರನೇ ಕೈ ಯಾರದ್ದಾಗಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. 

ಎಲ್ಲವೂ ನೇರ ಇಳಿಜಾರಾಗಿರಲಿಲ್ಲ. ಕಾರ್ಕಳದ ಒಂದು ಮದುವೆಯಲ್ಲಿ ಊಟದ ಹೊತ್ತಿಗೆ ದೊಡ್ಡಮ್ಮ ಎಲ್ಲೂ ಕಾಣಲಿಲ್ಲ. ನಾನು ಊಟದ ಹಾಲ್, ಕೈ ತೊಳೆಯುವ ಜಾಗ, ಬಾವಿ, ಎಲ್ಲ ಕಡೆ ಹುಡುಕಿದೆ. ಬಾವಿಯನ್ನು ಎರಡು ಸಲ ನೋಡಿದೆ. ಕೊನೆಗೆ ಸಿಕ್ಕಿದ್ದು ಮದುಮಗಳು ಅಲಂಕಾರ ಮಾಡಿಕೊಂಡ ಕೋಣೆಯಲ್ಲಿ, ಉದುರಿದ ಮಲ್ಲಿಗೆಯ ನಡುವೆ, ನೆಲದ ಮೇಲೆ. ತಂಬಿಲಕ್ಕೆ ಇನ್ನೂ ಅರ್ಧ ವರ್ಷ ಇದ್ದಾಗಲೇ ಅವರು ಯಾರೂ ಇಲ್ಲದಲ್ಲಿ ಒಮ್ಮೆ ಪರೀಕ್ಷೆ ಮಾಡಿ ನೋಡಿದ್ದರು. ಕೂತಿದ್ದರು. ಏಳಲಾಗಲಿಲ್ಲ. ಯಾರನ್ನೂ ಕರೆಯಲು ಮನಸ್ಸಾಗದೆ, ಮುಹೂರ್ತದ ವಾಲಗವನ್ನು ಅಲ್ಲೇ ಕೂತು ಕೇಳಿದ್ದರು.

“ಇಳಿಯಲಿಕ್ಕೆ ಕಲಿತೆ ಮಗ,” ಎಂದರು. “ಏಳಲಿಕ್ಕೆ ಕಲಿಯಲಿಲ್ಲ.”

ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ.  ವಾಪಸು ಬರುವಾಗ ಹಿರಿಯಡ್ಕದಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ, ಬಫೆಯೂ ಅಷ್ಟೇನೂ ಕೆಟ್ಟದಲ್ಲ ಎಂದು ನಾನು ಹೇಳಿದೆ. ಸಮಾಧಾನ ಮಾಡುವ ಕಲೆ ನನಗೆ ಹುಟ್ಟಿನಿಂದಲೇ ಬಂದಿಲ್ಲ. ದೊಡ್ಡಮ್ಮ ಲೋಟದಲ್ಲೇ ಕಣ್ಣಿಟ್ಟು ಹೇಳಿದರು: “ಬಫೆಯಲ್ಲಿ ಯಾರ ಪಕ್ಕ ಯಾರು ಅಂತ ಉಂಟಾ? ತಟ್ಟೆ ಹಿಡಿದವನು ಎಲ್ಲಿ ಬೇಕಾದರೂ ನಿಲ್ಲುತ್ತಾನೆ. ನಿನ್ನ ಅಮ್ಮನಿಗೆ ಅಲ್ಲಿ ಒಂದು ಜಾಗ ಉಂಟು. ಅದರ ಪಕ್ಕ ನಾನು ಕೂರದಿದ್ದರೆ ಅದು ಯಾರ ಜಾಗ ಅಂತ ಯಾರಿಗೆ ಗೊತ್ತಾಗಬೇಕು?”

ಮರುದಿನ ನನ್ನಲ್ಲಿದ್ದ ಪತ್ರಿಕೆಗಳನ್ನು ವಾಪಸು ಕೇಳಿದರು. ಕಟ್ಟು ಮತ್ತೆ ಏರಿತು. ಕೊಲೆಗಾರ ಯಾರೆಂದು ಮೊದಲೇ ಗೊತ್ತಿದ್ದರೂ ಇಡೀ ಧಾರಾವಾಹಿಯನ್ನು ಇನ್ನೊಮ್ಮೆ ಇಳಿದರು. ಈ ಸಲ ಇಳಿಯುವುದಕ್ಕಿಂತ ಏಳುವುದಕ್ಕೆ ಹೆಚ್ಚು ಹೊತ್ತು ಕೊಟ್ಟರು. ಅವಸರ ಮಾಡಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಹುಷಾರಿಲ್ಲದ ದಿನ ಬರೇ ಉಸಿರಾಟ ಮಾಡಿದರು, ಆದರೆ ಏನೂ ಮಾಡದ ದಿನ ಒಂದೂ ಇರಲಿಲ್ಲ. ಹೊಸ ವರ್ಷಕ್ಕೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ ಜೀವನವನ್ನೇ ಬದಲಾಯಿಸುವ ನನ್ನಂಥವನಿಗೆ ಇದನ್ನು ನೋಡುವುದೇ ಒಂದು ಬೆರಗು. ಬಂಡೆಗೆ ತೆರೆ ಬಡಿಯುವುದನ್ನು ನೋಡಿದ ಹಾಗೆ. ನೋಡುವಾಗ ಏನೂ ಆಗುವುದಿಲ್ಲ, ಆದರೂ ಬಂಡೆ ನುಣುಪಾಗಿರುತ್ತದೆ.

ಹಾಗೆ ಎರಡನೆಯ ವರ್ಷದ ತಂಬಿಲ ಬಂತು. ಸೇವೆ ಮುಗಿಯಿತು, ಚಾಪೆ ಹಾಸಿದರು, ಎಲೆ ಬಿದ್ದವು. ಮೊದಲ ಎಲೆಯ ಮುಂದೆ ದೊಡ್ಡಮ್ಮ ನಿಂತರು. ಪಕ್ಕದ ಎಲೆಯನ್ನು ಕಣ್ಣಿನಲ್ಲೇ ನನಗೆ ತೋರಿಸಿದರು. ಅಮ್ಮನ ಎಲೆ. ನಾನು ಕೂತೆ. ಮಾವ ಎದುರಿನ ಹಂತಿಯಲ್ಲಿದ್ದರು, ಚಪ್ಪರದ ಆಚೆ ಒಂದು ಉದ್ದದ ಟೇಬಲ್ಲನ್ನು ‘ಬೇಕಾದರೆ ಇರಲಿ’ ಎಂದು ತರಿಸಿಟ್ಟಿದ್ದರು.

ದೊಡ್ಡಮ್ಮ ಕೂತರು. ಸುಮ್ಮನೆ, ಮಂಜು ಇಳಿದ ಹಾಗೆ. ಚಕ್ಕಳಮಕ್ಕಳ ಹಾಕಿ ನೆರಿಗೆ ಸರಿ ಮಾಡಿಕೊಂಡು ಉಪ್ಪಿನ ಕಡೆ ನೋಡಿದರು. ‘ಕಟಕ್’ ಕೇಳಲಿಲ್ಲ.  ಅವರು ಗುಳ್ಳ ಬದನೆಯ ಹುಳಿಯನ್ನು ಎರಡು ಸಲ ಹಾಕಿಸಿಕೊಂಡರು, ಪಾಯಸಕ್ಕೆ ಅನ್ನದಷ್ಟೇ ಜಾಗ ಮಾಡಿದರು. ನಾನು ಏನು ಉಂಡೆನೋ ನೆನಪಿಲ್ಲ. ಅವರ ಬಲ ಮೊಣಕಾಲನ್ನೇ ನೋಡುತ್ತಾ ಅಲ್ಲಾಡದೆ ಕೂತಿದ್ದೆ. ಅಲ್ಲಾಡಿದರೆ ಅವರಿಗೆ ಏನಾದರೂ ಆದೀತೆಂಬಂತೆ.

ಮಜ್ಜಿಗೆಯೂ ಆಯಿತು.  ಎಲ್ಲರ ಊಟ ಮುಗಿದಿತ್ತು, ಎಲ್ಲರ ಕೈ ಒಣಗುತ್ತಿತ್ತು. ಯಾರೂ ಏಳುವಂತಿರಲಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿ ಕುಕ್ಕರಿನ ಸೀಟಿಗಳ ನಡುವಿನ ಉಸಿರೊಂದನ್ನು ಒಳಗೆ ತೆಗೆದುಕೊಂಡರು. ಎಡಗೈ ನೆರಿಗೆ ಹಿಡಿಯಿತು. ಬಲಗೈ ಗಾಳಿಯಲ್ಲೇ ಉಳಿಯಿತು. ಮುಂದಕ್ಕೆ ಸ್ವಲ್ಪ ಬಾಗಿದರು, ಅಷ್ಟೇ. ಮುಂದಿನ ಗಳಿಗೆಗೆ ಅವರು ನಿಂತಿದ್ದರು. ದೀಪದ ಬತ್ತಿ ಮೇಲೆದ್ದ ಹಾಗೆ ನೆಟ್ಟಗೆ, ದೋಸೆ ಎರೆಯುವವರ ಹಾಗೆ.

ಮಾವ ಚಪ್ಪರದ ಆಚೆಗಿನ ಟೇಬಲ್ಲನ್ನು ಒಳಗೆ ತೆಗೆದುಕೊಂಡು ಹೋಗಿ ಎಂದು ಯಾರಿಗೋ ಕೈ ಮಾಡಿದರು. ಎರಡೂ ಹಂತಿ ದಡಬಡನೆ ಎದ್ದವು.

ನಾನು ಮಾತ್ರ ಏಳಲಿಲ್ಲ. ಆ ದಿನ ಕೆಟ್ಟದ್ದು ಇಷ್ಟೇ. ಅಷ್ಟು ಹೊತ್ತು ಅಲ್ಲಾಡದೆ ಕೂತು ನನ್ನ ಎರಡೂ ಕಾಲಿಗೆ ಜೋಮು ಹಿಡಿದಿತ್ತು. ಬಲಗೈ ಎಂಜಲು, ಎಡಗೈಯಲ್ಲಿ ಪಂಚೆ. ಅದೇ ಗಳಿಗೆಗೆ ಕೈಯ ವಾಚು ‘ಏಳು’ ಎಂದು ನಡುಗತೊಡಗಿತು.

ದೊಡ್ಡಮ್ಮ ತಿರುಗಿ ನೋಡಿದರು. ನಗಲಿಲ್ಲ. ನೆರಿಗೆ ಬಿಟ್ಟು ಎಡಗೈ ಚಾಚಿದರು, ನನ್ನ ಕಡೆಗೋ ನಾನು ಕೂತಿದ್ದ ಜಾಗದ ಕಡೆಗೋ.

“ಏಳು,” ಎಂದರು ಮೆಲ್ಲಗೆ. “ತಾಯಿಗೂ ಮಗನಿಗೂ ಇದೊಂದು ಬರಲೇ ಇಲ್ಲ.”

ಎದ್ದೆ. ಕೈ ತೊಳೆಯುವ ಬಾವಿಕಟ್ಟೆ ಮುಟ್ಟುವುದರೊಳಗೆ ಜೋಮು ಬಿಟ್ಟಿತು. ದೊಡ್ಡಮ್ಮ ಮಾತ್ರ ಅಲ್ಲಿಗೆ ತಲುಪುವವರೆಗೂ ನನ್ನ ಕೈ ಬಿಡಲಿಲ್ಲ.