ಕೈಗುಣ ಇಲ್ಲದ ಕಂಪ್ಯೂಟರ್ ರಿಪೇರಿಯವ

ನಾನು ಎಲ್ಲಿ ಕೈ ಹಾಕಿದ್ರೂ ಏನಾರ ಒಂದು ಫಜೀತಿ ಆಗ್ಲೇಬೇಕು, ಅದು ನನ್ನ ಹಣೆಬರ. ಎರಡು ಸಾವಿರದ ಇಸ್ವಿ ದಾಟಿದ ಹೊಸದರಾಗ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆ. ಆಗ ಎಕ್ಸ್‌ಪಿ ಅಂತ ಹೊಸ ಸಿಸ್ಟಂ ಬಂದಿತ್ತು. "ಹಾಕಿಸ್ಕೊಳ್ರಿ, ಕುದುರಿ ಓಡಿದಂಗ ಓಡ್ತೈತಿ" ಅಂತ ಸುತ್ತಲ ಊರಿಗೆಲ್ಲ ನಾನ ಹೋಗಿ ಹಾಕಿ ಬಂದೆ. ಸಿಸ್ಟಂ ಏನೋ ಓಡ್ತು. ಆದ್ರ ಹಳೇ ಸಾಫ್ಟ್‌ವೇರ್ ಒಂದೂ ಒತ್ತಿದ್ರ ತೆಗೀಲಿಲ್ಲ.

ಅದೇ ವರ್ಷ ನಮ್ಮವ್ವ ನನಗ ಹೆಣ್ಣು ಹುಡುಕ್ತಿದ್ಲು. ಇಟ್ಟಿಗಿ ಊರಿನ ಹೆಣ್ಣಿನ ಕಡೇರು ನಮ್ಮೂರಾಗ ವಿಚಾರಿಸಿ, "ಹುಡುಗ ಚಲೋ ಅದಾನ, ಆದ್ರ ಕೈಗುಣ ಇಲ್ಲಂತ. ಮುಟ್ಟಿದ್ದೆಲ್ಲ ಬಂದ್ ಬೀಳ್ತೈತಂತ" ಅಂತ ಹೇಳಿಕಳಿಸಿ ಸುಮ್ಮನಾದ್ರು. ಡಾಕ್ಟರಿಗೆ ಕೈಗುಣ ಬೇಕು ಅಂತ ಕೇಳಿದ್ದೆ. ನನಗೂ ಬೇಕು ಅಂತ ಅವತ್ತ ಗೊತ್ತಾತು. ನಮ್ಮವ್ವ ಒಂದ ಮಾತು ಅಂದ್ಲು: "ಮೊದ್ಲು ಹೋಗಿ ಮುಚ್ಚಿದ್ದೆಲ್ಲ ತೆಗದು ಬಾ. ಆಮ್ಯಾಲೆ ಹೆಣ್ಣು."

೧. ಕೊಟ್ಟೂರಿನ ಟಿಕ್ಲಿ

ಕೊಟ್ಟೂರಾಗ ಲಗ್ನಪತ್ರಿಕಿ ಅಚ್ಚು ಹಾಕೋ ಪ್ರೆಸ್ಸಿನ ಮಾಲಕರು ಫೋನ್ ಮಾಡಿದ್ರು. "ತಮ್ಮಾ, ಕನ್ನಡ ಬರಿಯೋ ಸಾಫ್ಟ್‌ವೇರ್ ಒತ್ತಿದ್ರ ಕಸದ ಬುಟ್ಟಿ ತೆಗಿತೈತಿ. ಏನು ಮಾಡಿ ಹೋಗೀಯಪ್ಪಾ?"

ಹೋಗಿ ನೋಡಿದೆ. ಯಾವುದನ್ನ ಒತ್ತಬೇಕು ಅಂತ ನೆನಪಿರಂಗಿಲ್ಲ ಅಂತ್ಹೇಳಿ ಮಾಲಕರು ಕಂಪ್ಯೂಟರ್ ಪರದಿ ಮ್ಯಾಲ ಆ ಜಾಗದ ಬಾಜೂಕ ಹೆಂಡ್ತಿ ಹಣಿಗೆ ಹಚ್ಚೋ ಟಿಕ್ಲಿ ಅಂಟಿಸಿಕೊಂಡಿದ್ರು. ಹೊಸ ಸಿಸ್ಟಂನಾಗ ಚಿತ್ರಗಳೆಲ್ಲ ಜಾಗ ಬದಲಿಸಿದ್ವು. ಟಿಕ್ಲಿ ಬಾಜೂಕ ಈಗ ಕಸದ ಬುಟ್ಟಿ ಬಂದು ಕುಂತಿತ್ತು.

"ಇಷ್ಟ ರೀ" ಅಂತ ಟಿಕ್ಲಿ ಕೀಳಾಕ ಉಗುರು ಹಾಕಿದೆ. ಒಳಗಿಂದ ಅವರ ಮನಿಯಾಕಿ ಓಡಿ ಬಂದ್ರು. "ಏ ತಮ್ಮಾ! ಮುತ್ತೈದಿ ಟಿಕ್ಲಿ ಕೀಳ್ತೀಯೇನೋ? ಇವರು ಇನ್ನಾ ಗಟ್ಟಿ ಅದಾರ!"

ಗಪ್ಪನ ಕೈ ಹಿಂದಕ್ಕ ತಗೊಂಡೆ. ಟಿಕ್ಲಿ ಅಲ್ಲೇ ಬಿಟ್ಟು, ಸಾಫ್ಟ್‌ವೇರ್ ಚಿತ್ರಾನ ಎಳಕೊಂಡು ಬಂದು ಟಿಕ್ಲಿ ಬಾಜೂಕ ನಿಲ್ಲಿಸಿದೆ. ಒತ್ತಿದ ಕೂಡ್ಲೆ ತೆಗೀತು.

ಮಾಲಕರು ನನ್ನ ಕಿವಿಯಾಗ ಅಂದ್ರು: "ನೋಡಿದ್ಯಾ? ಆಕಿ ಒದರಿದ್ರ ಸಾಫ್ಟ್‌ವೇರೂ ಮಾತು ಕೇಳ್ತೈತಿ."

೨. ಕೂಡ್ಲಿಗಿ ಜೋಯಿಸರು

ಕೂಡ್ಲಿಗ್ಯಾಗ ಜಾತಕ ಬರಿಯೋ ಜೋಯಿಸರ ಸಾಫ್ಟ್‌ವೇರ್ ಮಾತ್ರ ಖರೇನ ಹಠ ಹಿಡಿದಿತ್ತು. ಹಳೇ ಸಿಸ್ಟಂಗಂತ ಮಾಡಿದ್ದು, ಹೊಸಾದು ಕಂಡ್ರ ಒಲ್ಲೆ ಅಂತಿತ್ತು.

"ಒಂದು ಉಪಾಯ ಐತ್ರಿ ಅಜ್ಜಾರ. ‘ನೀ ಇನ್ನಾ ಹಳೇ ಸಿಸ್ಟಂನಾಗ ಅದೀ’ ಅಂತ ಇದಕ್ಕ ನಂಬಿಸಬೇಕು" ಅಂದೆ.

"ಅಂದ್ರ ಸುಳ್ಳು ಹೇಳಬೇಕೇನು?"

"ಹೌದ್ರಿ."

ಒಂದು ಕಡೆ ಟಿಕ್ ಹಾಕಿದೆ. ತೆಗೀತು! ಜೋಯಿಸರಿಗೆ ಖುಷಿಯೋ ಖುಷಿ. "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ನೀ ಒಂದ ಸುಳ್ಳಿನಾಗ ಮುಗಿಸಿದೆಲ್ಲೋ!"

ಸರಿಯಾಗಿ ಓಡ್ತೈತೋ ಇಲ್ಲೋ ನೋಡಾಕ ನನ್ನ ಜಾತಕಾನ ಹಾಕಿದ್ರು. ಇದೇ ವರ್ಷ ಕಂಕಣಬಲ ಅಂತ ಬಂತು. ನನಗ ಹೋದ ಜೀವ ಬಂದಂಗಾತು.

"ಖರೇನ್ರಿ ಅಜ್ಜಾರ?"

"ಯಾರಿಗೊತ್ತೋ ಮಾರಾಯಾ? ಅದಕ್ಕ ಈಗಷ್ಟ ಸುಳ್ಳು ಕಲಿಸೀದಿ!"

೩. ಹರಪನಹಳ್ಳಿ ಉಪ್ಪಿಟ್ಟು

ಮುಂದಿನ ವಾರ ಹರಪನಹಳ್ಳಿಗೆ ಹೆಣ್ಣು ನೋಡಾಕ ಹೋದ್ವಿ. ಹುಡುಗಿ ಅಪ್ಪ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡಸ್ತಿದ್ರು, ಹುಡುಗಿ ಅಲ್ಲೇ ಕಲಿಸ್ತಿದ್ಲು. ವಾರದಿಂದ ಅರಸೀಕೆರ್ಯಾಗಿನ ಸೋದರತ್ತಿ ಮನಿಗೆ ಹೋಗಿದ್ದಾಕಿ ಅವತ್ತ ಮುಂಜಾನಿ ಬಂದಿದ್ಲಂತ.

ಉಪ್ಪಿಟ್ಟು ಇನ್ನಾ ಬಾಯಿಗೆ ಇಟ್ಟಿದ್ದಿಲ್ಲ, ಅವರಪ್ಪ ಶುರು ಮಾಡಿದ್ರು: "ಮೊನ್ನೆ ಯಾರೋ ಹೊಸ ಸಿಸ್ಟಂ ಹಾಕಿ ಹೋದ್ರು. ಟೈಪಿಂಗ್ ಕಲ್ಸೋ ಸಾಫ್ಟ್‌ವೇರ್ ತೆಗೀತಾನೇ ಇಲ್ಲ. ನೀವೇ ಬಂದೀರಲ್ಲ, ಒಂಚೂರು ನೋಡ್ರಿ."

ಅಲ್ಲಿ ಹಾಕಿದ್ದು ನಾನಲ್ಲ, ಆದ್ರೂ ನಮ್ಮವ್ವನ ಮಾರಿ ಬಿಳಿಚಿಕೊಂತು. ಇಸ್ತ್ರಿ ಅಂಗಿ ತೋಳು ಮಡಚಿ ಕುಂತೆ. ಹಿಂದ ಹಿರೇರೆಲ್ಲ ಬಂದು ನಿಂತ್ರು. ಕೂಡ್ಲಿಗ್ಯಾಗ ಹೇಳಿದ ಸುಳ್ಳ ಹೇಳಿದೆ, ನಂಬಲಿಲ್ಲ. ಬಂದ್ ಮಾಡಿ ಚಾಲೂ ಮಾಡಿದೆ. ಒತ್ತಿದ್ರ ಒಂದು ಚಣ ಮಾರಿ ತೋರಿಸಿ ಮುಚ್ಚಿಕೊಂಡು ಹೋಗ್ತಿತ್ತು. ಚಾ ಆರಿ ಕೆನಿ ಕಟ್ತು. ಹಿಂದ ಯಾರೋ "ಕೈಗುಣ ಇಲ್ಲ ಅಂದಿದ್ದು ಖರೇನ" ಅಂದಿದ್ದು ಕೇಳಿಸ್ತು. ಮದುವಿ ಮಾತು ಇಲ್ಲಿಗೆ ಮುಗೀತು ಅಂತ ಕಣ್ಣಾಗ ನೀರು ಬಂದ್ವು.

ಮತ್ತೊಂದು ಸಲ ಚಾ ತಂದ ಹುಡುಗಿ ಬಗ್ಗಿ ನೋಡಿ, "ಸಿಡಿ ಹಾಕೀರೇನ್ರಿ? ಅದು ಸಿಡಿ ಒಳಗಿಲ್ದೆ ಯಾವತ್ತೂ ತೆಗ್ದಿಲ್ಲ" ಅಂದ್ಲು.

ನೋಡಿದ್ರ ಒಳಗ ಖಾಲಿ.

"ಅಪ್ಪಾ, ಸಿಡಿ ಎಲ್ಲಿ?"

ಅವರಪ್ಪ ತಲಿ ಕೆರಕೊಂಡ್ರು. "ಹೊಸ ಸಿಸ್ಟಂ ಬಂತಲ್ಲ, ಇನ್ನು ಹಳೇ ಸಿಡಿ ಯಾಕೆ ಅಂತ ಹಿತ್ಲಲ್ಲಿ ಪೇರಲ ಗಿಡಕ್ಕೆ ಕಟ್ಟೀನಮ್ಮ. ಗಿಣಿ ಕಾಟ ತಡಿಯಕ್ಕಾಗ್ತಿರಲಿಲ್ಲ."

ಆಕಿ ಹೋಗಿ ಬಿಚ್ಚಿಕೊಂಡು ಬಂದು, ಸೆರಗಿಗೆ ಒರಸಿ ಒಳಗ ಹಾಕಿದ್ಲು. ಸಾಫ್ಟ್‌ವೇರ್ ತೆಗೀತು. ನನಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಆದ್ರ ಆಕಿ ನಗಾಕತ್ತಿದ್ಲು, ಆ ನಗು ಭಾಳ ಚಂದಿತ್ತು. ನನಗೂ ತಡಿಯಾಕ ಆಗ್ಲಿಲ್ಲ, ನಕ್ಕುಬಿಟ್ಟೆ.

ಹಿರೇರೊಬ್ರು ಕೇಳಿದ್ರು: "ಹುಡುಗ ಒಪ್ಪಿಗೆ ಏನಮ್ಮಾ?"

ಆಕಿ ತಲಿ ತಗ್ಗಿಸಿ ಹೇಳಿದ್ಲು: "ಒಪ್ಪಿಗೆ ಐತೆ. ಆದ್ರೆ ನಮ್ಮ ಕಂಪ್ಯೂಟರ್ ಮಾತ್ರ ಮುಟ್ಟಬಾರ್ದು."